ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ: ಸವಲತ್ತುಗಳ ಬಗ್ಗೆ ಕೇಳುವ ಬಗೆ

ಕೆಲಸ ಸಿಕ್ಕಿತೆಂದು ಊರಿಗೆ ಫೋನ್ ಮಾಡಿದಾಗ ಅತ್ತ ಕಡೆಯಿಂದ ಬರುವ ಮೊದಲ ಪ್ರಶ್ನೆ ‘ಎಷ್ಟು ಕೊಡ್ತಾರಂತೆ?’ ಎಂಬುದು. ಅದಕ್ಕೆ ನಾವು ಹೇಳುವ ಉತ್ತರ ಸಾಮಾನ್ಯವಾಗಿ ಸಿಟಿಸಿಯ ಮೊತ್ತ, ಅಂದರೆ ನಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ವರ್ಷಕ್ಕೆ ತಗಲುವ ಒಟ್ಟು ವೆಚ್ಚ. ಅದು ಕೈಗೆ ಬರುವ ಹಣವೂ ಅಲ್ಲ, ಸವಲತ್ತುಗಳ ವಿವರವೂ ಅಲ್ಲ. ಸವಲತ್ತುಗಳ ವಿಷಯ ಬಂದಾಗ ನಮ್ಮಲ್ಲಿ ಹೆಚ್ಚಿನವರು, ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚದಿಂದ, ‘ಪಿಎಫ್ ಇದೆಯಾ, ಇನ್ಶೂರೆನ್ಸ್ ಇದೆಯಾ’ ಎಂದು ಎರಡು ಪ್ರಶ್ನೆ ಕೇಳಿ, ‘ಇದೆ’ ಎಂಬ ಉತ್ತರ ಬಂದೊಡನೆ ಸಮಾಧಾನಪಟ್ಟು ಸಹಿ ಹಾಕುತ್ತೇವೆ.

ನಾನೂ ಹಾಗೆಯೇ ಮಾಡಿದ್ದೆ. ನನ್ನ ಎರಡನೆಯ ಕೆಲಸಕ್ಕೆ ಸೇರುವಾಗ ಎಚ್‌ಆರ್ ವಿಭಾಗದವರನ್ನು ‘ತಂದೆತಾಯಿಗೂ ಆರೋಗ್ಯ ವಿಮೆ ಇದೆಯೇ?’ ಎಂದು ಕೇಳಿದ್ದೆ, ಇದೆ ಎಂದಿದ್ದರು. ಎಂಟು ತಿಂಗಳ ನಂತರ ಅಪ್ಪನಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದಾಗ, ಜಯನಗರದ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರ್‌ನಲ್ಲಿ ನಿಂತು ವಿಮೆಯ ಕಾರ್ಡ್ ಸಂಖ್ಯೆ ಕೊಟ್ಟರೆ, ಕಂಪ್ಯೂಟರಿನಲ್ಲಿ ನನ್ನ ಹೆಸರು ಬಂತೇ ಹೊರತು ಅಪ್ಪನ ಹೆಸರು ಬರಲಿಲ್ಲ. ವಿಚಾರಿಸಿದಾಗ ತಿಳಿದದ್ದಿಷ್ಟು: ತಂದೆತಾಯಿಯರನ್ನು ಸೇರಿಸುವ ಅವಕಾಶ ಆ ಕಂಪನಿಯಲ್ಲಿ ನಿಜವಾಗಿಯೂ ಇತ್ತು, ಆದರೆ ಅದರ ಕಂತನ್ನು ನೌಕರನೇ ಕಟ್ಟಬೇಕಿತ್ತು, ಮತ್ತು ಸೇರಿದ ಮೂವತ್ತು ದಿನಗಳೊಳಗೆ ಹೆಸರು ನೋಂದಾಯಿಸಬೇಕಿತ್ತು. ಎಚ್‌ಆರ್ ವಿಭಾಗದವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಗೆ ‘ಇದೆ’ ಎಂಬುದೇ ಸರಿಯಾದ ಉತ್ತರವಾಗಿತ್ತು. ತಪ್ಪಿದ್ದದ್ದು ಪ್ರಶ್ನೆಯಲ್ಲಿ.

ಆದ್ದರಿಂದ ಈ ಬರಹದುದ್ದಕ್ಕೂ ನಾನು ಹೇಳಹೊರಟಿರುವುದು ಒಂದೇ ಮಾತು. ಯಾವ ಸವಲತ್ತನ್ನೂ ‘ಇದೆಯೇ’ ಎಂದು ಕೇಳಬೇಡಿ. ಎಷ್ಟು, ಯಾರಿಗೆ, ಎಂದಿನಿಂದ, ಎಂದಿನವರೆಗೆ, ಯಾರ ದುಡ್ಡಿನಲ್ಲಿ ಎಂದು ಕೇಳಿ, ಮತ್ತು ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕೇಳುವ ಹೊತ್ತು

ಮೊದಲ ಸುತ್ತಿನ ಸಂದರ್ಶನದಲ್ಲಿ ರಜೆಯ ಲೆಕ್ಕ ಕೇಳುವುದು ಅಷ್ಟು ಒಳ್ಳೆಯದಲ್ಲ. ಅದು ತಪ್ಪೆಂದಲ್ಲ, ಎದುರಿಗಿರುವ ತಾಂತ್ರಿಕ ಪರಿಣತರಿಗೆ ಅದರ ಉತ್ತರವೇ ಗೊತ್ತಿರುವುದಿಲ್ಲ. ಸರಿಯಾದ ಹೊತ್ತು ಎಂದರೆ, ‘ನಿಮ್ಮನ್ನು ಆಯ್ಕೆ ಮಾಡಿದ್ದೇವೆ’ ಎಂದು ಅವರು ಹೇಳಿದ ಮೇಲೆ ಮತ್ತು ‘ಒಪ್ಪಿಗೆ’ ಎಂದು ನೀವು ಹೇಳುವ ಮೊದಲು ಸಿಗುವ ಕೆಲವು ದಿನಗಳು. ಆ ದಿನಗಳಲ್ಲಿ ಕಂಪನಿಗೆ ನೀವು ಬೇಕಾಗಿರುತ್ತೀರಿ, ಬೇರೆ ಅಭ್ಯರ್ಥಿಗಳನ್ನು ಅದು ಆಗಲೇ ಕೈಬಿಟ್ಟಿರುತ್ತದೆ, ನಿಮ್ಮ ಪ್ರಶ್ನೆಗೆ ಉತ್ತರಿಸುವ ಆಸಕ್ತಿಯೂ ಅದಕ್ಕೆ ಇರುತ್ತದೆ. ಈಗಿನ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೆ ಕೇಳಿದರೆ ಆ ಬಲವೆಲ್ಲ ಹೋಗಿರುತ್ತದೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ತೊಂಬತ್ತು ದಿನಗಳ ನೋಟಿಸ್ ಅವಧಿ ಸಾಮಾನ್ಯವಾಗಿರುವುದರಿಂದ, ಒಮ್ಮೆ ರಾಜೀನಾಮೆ ಕೊಟ್ಟವರು ಮೂರು ತಿಂಗಳ ಕಾಲ ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಕೇಳಲಾರದೆ ಉಳಿಯುತ್ತಾರೆ.

ಎರಡು ದಿನಗಳೊಳಗೆ ಒಪ್ಪಿಗೆ ತಿಳಿಸಬೇಕೆಂದು ಆಫರ್ ಲೆಟರ್‌ನಲ್ಲಿ ಬರೆದಿದ್ದರೆ ಗಾಬರಿಯಾಗಬೇಕಿಲ್ಲ. ‘ಪತ್ರ ತಲುಪಿದೆ, ಸಂತೋಷವಾಗಿದೆ, ಸವಲತ್ತುಗಳ ವಿವರ ಓದಿ ಸೋಮವಾರ ಉತ್ತರಿಸುತ್ತೇನೆ’ ಎಂದು ಬರೆದರೆ ಬಹುಪಾಲು ಕಂಪನಿಗಳು ಒಪ್ಪುತ್ತವೆ. ಇಷ್ಟಕ್ಕೇ ಆಫರ್ ಹಿಂದೆ ಪಡೆಯುವೆವೆಂದು ಬೆದರಿಸುವ ಕಂಪನಿ ನಾಳೆ ರಜೆ ಕೇಳಿದಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಇನ್ನೊಂದು ಮಾತು. ನಿಮ್ಮೊಡನೆ ಫೋನಿನಲ್ಲಿ ಮಾತಾಡುತ್ತಿರುವವರು ಕಂಪನಿಯ ಎಚ್‌ಆರ್ ವಿಭಾಗದವರೋ, ಹೊರಗಿನ ನೇಮಕಾತಿ ಏಜೆನ್ಸಿಯವರೋ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಏಜೆನ್ಸಿಯವರ ಕೆಲಸ ನಿಮ್ಮನ್ನು ಸೇರಿಸುವುದರೊಂದಿಗೆ ಮುಗಿಯುತ್ತದೆ. ಅವರು ಹೇಳುವ ‘ಎಲ್ಲಾ ಇದೆ ಸರ್’ ಎಂಬ ಮಾತಿಗೆ ಯಾವ ಬೆಲೆಯೂ ಇಲ್ಲ.

ಸಂಬಳದ ಚೀಟಿಯ ಮೇಲೆ ಯಾರ ಹೆಸರು?

ಈ ಪ್ರಶ್ನೆ ಬೆಂಗಳೂರಿನಲ್ಲಿ ಬಹಳ ಮುಖ್ಯ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ, ಹೆಸರಾಂತ ಕಂಪನಿಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಕೆಲಸ ಮಾಡುವ ಎಷ್ಟೋ ಮಂದಿಯ ನಿಜವಾದ ಮಾಲೀಕ ಬೇರೊಂದು ಸಿಬ್ಬಂದಿ ಪೂರೈಕೆ ಸಂಸ್ಥೆ. ಪಕ್ಕದ ಮೇಜಿನವನಿಗೆ ಐದು ಲಕ್ಷದ ವಿಮೆ, ಷೇರು, ವರ್ಷಾಂತ್ಯದ ಬೋನಸ್ ಎಲ್ಲ ಇರುವಾಗ, ಅದೇ ಕೆಲಸ ಮಾಡುವ ಇವರಿಗೆ ಆ ಸಂಸ್ಥೆ ಕೊಟ್ಟಷ್ಟೇ. ಹಾಗಾಗಿ ನೇರವಾಗಿ ಕೇಳಿ: ನನ್ನ ಸಂಬಳದ ಚೀಟಿಯನ್ನು ಯಾವ ಕಂಪನಿ ಕೊಡುತ್ತದೆ, ಇದು ಕಾಯಂ ಕೆಲಸವೋ ನಿಗದಿತ ಅವಧಿಯದೋ, ನೀವು ಹೇಳುತ್ತಿರುವ ಸವಲತ್ತುಗಳು ಯಾವ ಕಂಪನಿಯ ನಿಯಮದಂತೆ?

ಹೆಸರು ತಿಳಿದ ಮೇಲೆ, ಅದು ಚಿಕ್ಕ ಅಥವಾ ಹೊಸ ಸಂಸ್ಥೆಯಾಗಿದ್ದರೆ, ನೌಕರರ ಭವಿಷ್ಯ ನಿಧಿ (ಪಿಎಫ್) ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಗಳನ್ನು ಹುಡುಕುವ ಪುಟಕ್ಕೆ ಹೋಗಿ ಆ ಹೆಸರನ್ನು ಹಾಕಿ ನೋಡಿ. ಸಂಸ್ಥೆ ಯಾವ ತಿಂಗಳು ಎಷ್ಟು ನೌಕರರಿಗೆ ಪಿಎಫ್ ಕಟ್ಟಿದೆ ಎಂಬುದು ಅಲ್ಲಿ ಯಾರಿಗಾದರೂ ಕಾಣುತ್ತದೆ. ಐದೇ ನಿಮಿಷದ ಈ ಕೆಲಸವನ್ನು ಹೆಚ್ಚಿನವರು ಮಾಡುವುದಿಲ್ಲ.

ಸಿಟಿಸಿಯನ್ನು ಬಿಡಿಸಿ ನೋಡುವುದು

ಆಫರ್ ಲೆಟರ್‌ನ ಕೊನೆಯಲ್ಲಿ ಸಂಬಳದ ವಿಂಗಡಣೆಯ ಅನುಬಂಧವೊಂದು ಇರಬೇಕು. ಇರದಿದ್ದರೆ ಕೇಳಿ ಪಡೆಯಬೇಕು. ಒಂದು ಉದಾಹರಣೆ ನೋಡೋಣ. ವರ್ಷಕ್ಕೆ 12 ಲಕ್ಷ ಎಂದು ಹೇಳಿದ ಆಫರ್‌ನಲ್ಲಿ ಮೂಲ ವೇತನ ತಿಂಗಳಿಗೆ 50,000, ಮನೆ ಬಾಡಿಗೆ ಭತ್ಯೆ 20,000, ವಿಶೇಷ ಭತ್ಯೆ 10,000 ಎಂದಿಟ್ಟುಕೊಳ್ಳಿ. ಇಷ್ಟಕ್ಕೆ ವರ್ಷಕ್ಕೆ 9,60,000 ಆಯಿತು. ಉಳಿದ 2,40,000 ಎಲ್ಲಿ ಹೋಯಿತೆಂದು ನೋಡಿದರೆ, ಕಂಪನಿ ಕಟ್ಟುವ ಪಿಎಫ್ ಪಾಲು 72,000, ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ದೀರ್ಘ ಸೇವೆಗಾಗಿ ಕೊಡುವ ಇಡುಗಂಟಿನ ಹೆಸರಿನಲ್ಲಿ 28,860, ವಿಮೆಯ ಕಂತು 19,140, ಮತ್ತು ವೇರಿಯೆಬಲ್ ಪೇ, ಅಂದರೆ ಸಾಧನೆಯ ಮೇಲೆ ನಿಂತಿರುವ ವೇತನ, 1,20,000. ಇನ್ನು ತಿಂಗಳ 80,000ದಲ್ಲಿ ನಿಮ್ಮ ಪಾಲಿನ ಪಿಎಫ್ 6,000 ಮತ್ತು ವೃತ್ತಿ ತೆರಿಗೆ 200 ಕಳೆದರೆ ಬ್ಯಾಂಕಿಗೆ ಬರುವುದು 73,800. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟದ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲವೆಂಬುದು ಸಮಾಧಾನದ ಸಂಗತಿ. ಆದರೂ 12 ಲಕ್ಷವನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೊಂದು ಲಕ್ಷ ಎಂದು ಮನೆಯ ಕಂತಿನ ಲೆಕ್ಕ ಹಾಕಿದವರ ಸ್ಥಿತಿ ಏನಾಗುತ್ತದೆಂದು ಹೇಳಬೇಕಿಲ್ಲ.

ಈ ಸಾಲುಗಳಲ್ಲಿ ಒಂದೊಂದರ ಹಿಂದೆಯೂ ಒಂದು ಪ್ರಶ್ನೆಯಿದೆ.

ಪಿಎಫ್ ಕುರಿತು ಕೇಳಬೇಕಾದದ್ದು, ಪೂರ್ತಿ ಮೂಲ ವೇತನದ ಶೇ 12ರಷ್ಟು ಕಟ್ಟುತ್ತೀರೋ ಅಥವಾ 15,000 ರೂಪಾಯಿಯ ಮಿತಿಗೆ ಲೆಕ್ಕ ಹಾಕಿ 1,800 ಮಾತ್ರ ಕಟ್ಟುತ್ತೀರೋ ಎಂಬುದನ್ನು. ಎರಡೂ ಚಾಲ್ತಿಯಲ್ಲಿರುವ ಕ್ರಮಗಳೇ. ಮೇಲಿನ ಉದಾಹರಣೆಯಲ್ಲಿ 6,000ದ ಬದಲು 1,800 ಕಟ್ಟಿದರೆ ಉಳಿಯುವ 4,200 ಸಾಮಾನ್ಯವಾಗಿ ವಿಶೇಷ ಭತ್ಯೆಗೆ ಸೇರುತ್ತದೆ. ಕೈಗೆ ಬರುವ ಹಣ ಹೆಚ್ಚುತ್ತದೆ, ನಿವೃತ್ತಿಯ ಉಳಿತಾಯ ಕುಗ್ಗುತ್ತದೆ, ಆ ಮೊತ್ತ ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಯಾವುದು ಒಳ್ಳೆಯದೆಂಬುದು ನಿಮ್ಮ ವಯಸ್ಸು, ಸಾಲ, ಸ್ವಭಾವಗಳ ಮೇಲೆ ನಿಂತಿದೆ. ಉಳಿತಾಯದ ವಿಷಯದಲ್ಲಿ ನನ್ನ ಕೈ ಸಡಿಲವಾದ್ದರಿಂದ ನಾನು ಶೇ 12ನ್ನೇ ಆರಿಸಿಕೊಳ್ಳುತ್ತೇನೆ. ಇದರ ಜೊತೆಗೆ, ಕಂಪನಿಯ ಮೂಲಕ ರಾಷ್ಟ್ರೀಯ ಪಿಂಚಣಿ ಯೋಜನೆಗೆ (ಎನ್‌ಪಿಎಸ್) ಹಣ ಕಟ್ಟುವ ವ್ಯವಸ್ಥೆ ಇದ್ದರೆ ಅದರ ನಿಯಮಗಳನ್ನೂ ಕೇಳಿ. ಹೊಸ ತೆರಿಗೆ ಪದ್ಧತಿಯಲ್ಲೂ ಕಂಪನಿ ಕಟ್ಟುವ ಎನ್‌ಪಿಎಸ್ ಪಾಲಿಗೆ ಮೂಲ ವೇತನದ ಶೇ 14ರವರೆಗೆ ತೆರಿಗೆ ಕಡಿತವಿದೆ. ಸಂಬಳ ಹೆಚ್ಚಿದ್ದವರಿಗೆ ಇದು ಸಣ್ಣ ಮೊತ್ತವಲ್ಲ.

ಗ್ರ್ಯಾಚುಟಿಯ ಸಾಲು ಇನ್ನೂ ಸ್ವಾರಸ್ಯದ್ದು. ಕಾಯಂ ನೌಕರರಿಗೆ ಐದು ವರ್ಷಗಳ ಸತತ ಸೇವೆಯ ನಂತರವಷ್ಟೇ ಇದು ಸಿಗುತ್ತದೆ. ಕೊನೆಯ ಮೂಲ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು ಇದರ ಲೆಕ್ಕ. 50,000 ಮೂಲ ವೇತನದ ಮೇಲೆ ಐದು ವರ್ಷಕ್ಕೆ ಸುಮಾರು 1,44,231 ರೂಪಾಯಿ ಬರುತ್ತದೆ. ಆದರೆ ಮೂರು ವರ್ಷಕ್ಕೇ ಬಿಟ್ಟು ಹೋದವನಿಗೆ, ಪ್ರತಿವರ್ಷ ಸಿಟಿಸಿಯಲ್ಲಿ 28,860 ತೋರಿಸಿದ್ದರೂ, ಒಂದು ರೂಪಾಯಿಯೂ ಬರುವುದಿಲ್ಲ. ಎರಡು ಆಫರ್‌ಗಳನ್ನು ಹೋಲಿಸುವಾಗ ಒಂದರಲ್ಲಿ ಗ್ರ್ಯಾಚುಟಿ ಸಿಟಿಸಿಯ ಒಳಗೂ ಇನ್ನೊಂದರಲ್ಲಿ ಹೊರಗೂ ಇದ್ದರೆ, ಮೊದಲನೆಯದರಿಂದ ಆ ಸಾಲನ್ನು ತೆಗೆದುಹಾಕಿ ಹೋಲಿಸಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರ್ಯಾಚುಟಿ ಸಲ್ಲುತ್ತದೆ. ಭತ್ಯೆಗಳು ಒಟ್ಟು ವೇತನದ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೆಂದೇ ಲೆಕ್ಕಕ್ಕೆ ಬರುತ್ತದೆ. ಮೂಲ ವೇತನವನ್ನು ಶೇ 30ಕ್ಕೋ 35ಕ್ಕೋ ಇಳಿಸಿ ಬರೆದಿರುವ ಅನುಬಂಧವನ್ನು ಈಗಲೂ ಕೊಟ್ಟರೆ, ಪಿಎಫ್ ಮತ್ತು ಗ್ರ್ಯಾಚುಟಿಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕುತ್ತೀರಿ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ವೇರಿಯೆಬಲ್ ಪೇ ವಿಷಯದಲ್ಲಿ ‘ನೂರಕ್ಕೆ ನೂರು ಸಿಗುತ್ತದೆ’ ಎಂಬ ಮಾತನ್ನು ಒಪ್ಪಿಕೊಳ್ಳದೆ, ಕಳೆದ ಎರಡು ವರ್ಷ ನಾನು ಸೇರುವ ವಿಭಾಗದವರಿಗೆ ಶೇಕಡಾ ಎಷ್ಟು ಕೊಟ್ಟಿರಿ ಎಂದು ಕೇಳಿ. ಅದು ಕಂಪನಿಯ ಲಾಭದ ಮೇಲೆ ನಿಂತಿದೆಯೋ ನಿಮ್ಮ ಕೆಲಸದ ಮೇಲೋ, ತಿಂಗಳಿಗೋ ಮೂರು ತಿಂಗಳಿಗೋ ವರ್ಷಕ್ಕೋ, ನಡುವೆ ರಾಜೀನಾಮೆ ಕೊಟ್ಟರೆ ಅಲ್ಲಿಯವರೆಗಿನ ಪಾಲು ಸಿಗುತ್ತದೆಯೋ ಇಲ್ಲವೋ ಎಂಬುದನ್ನೂ ತಿಳಿಯಬೇಕು. ಹಣ ಕೈಗೆ ಬರುವ ದಿನ ನೀವು ನೌಕರಿಯಲ್ಲಿರಲೇಬೇಕೆಂಬ ಷರತ್ತು ಅನೇಕ ಕಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸೇರುವಾಗ ಕೊಡುವ ಜಾಯ್ನಿಂಗ್ ಬೋನಸ್‌ಗೂ ಇಂಥದೇ ಕೊಕ್ಕೆಯಿದೆ: ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕು. ಹಿಂದಿರುಗಿಸುವುದು ತೆರಿಗೆ ಕಳೆದು ಕೈಗೆ ಬಂದ ಮೊತ್ತವನ್ನೋ, ತೆರಿಗೆ ಸೇರಿದ ಪೂರ್ತಿ ಮೊತ್ತವನ್ನೋ ಎಂಬುದನ್ನು ಆಗಲೇ ಸ್ಪಷ್ಟಪಡಿಸಿಕೊಳ್ಳಿ. ವ್ಯತ್ಯಾಸ ಹತ್ತಾರು ಸಾವಿರವಾಗಬಹುದು.

ತಿಂಗಳ ವೇತನ 21,000 ರೂಪಾಯಿಯ ಒಳಗಿದ್ದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆ, ಅನ್ವಯಿಸುತ್ತದೆ. ನೌಕರನಿಂದ ಶೇ 0.75, ಮಾಲೀಕನಿಂದ ಶೇ 3.25. ರಾಜಾಜಿನಗರ, ಇಂದಿರಾನಗರ, ಪೀಣ್ಯಗಳ ಇಎಸ್‌ಐ ಆಸ್ಪತ್ರೆಗಳಲ್ಲಿ ಇಡೀ ಕುಟುಂಬಕ್ಕೆ ಚಿಕಿತ್ಸೆ ದೊರೆಯುತ್ತದೆ. ಇಂಥ ಕೆಲಸಕ್ಕೆ ಸೇರುವವರು ಇಎಸ್‌ಐ ಸಂಖ್ಯೆಯನ್ನು ಯಾವ ತಿಂಗಳಿನಿಂದ ಮಾಡಿಸಿಕೊಡುತ್ತೀರಿ ಎಂದು ಕೇಳಿದರೆ ಸಾಕು.

ಆರೋಗ್ಯ ವಿಮೆ

ನನ್ನ ಅನುಭವದಲ್ಲಿ ಅತ್ಯಂತ ಹೆಚ್ಚು ಪ್ರಶ್ನೆಗಳನ್ನು ಬೇಡುವ ಸವಲತ್ತು ಇದು, ಅತ್ಯಂತ ಕಡಿಮೆ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವುದೂ ಇದೇ. ವಿಮಾ ಮೊತ್ತ ಎಷ್ಟೆಂಬುದು ಮೊದಲನೆಯದು. ಅದು ತಲೆಗೋ ಇಡೀ ಕುಟುಂಬಕ್ಕೋ ಎಂಬುದು ಅದಕ್ಕಿಂತ ದೊಡ್ಡದು. ‘ಕುಟುಂಬ’ ಎಂಬ ಮಾತಿಗೆ ನಮ್ಮ ಅರ್ಥ ಒಂದು, ವಿಮೆಯ ಕಾಗದದ ಅರ್ಥ ಇನ್ನೊಂದು. ಅಲ್ಲಿ ಸಾಮಾನ್ಯವಾಗಿ ಗಂಡ ಅಥವಾ ಹೆಂಡತಿ ಮತ್ತು ಇಬ್ಬರು ಮಕ್ಕಳು ಎಂದಷ್ಟೇ ಇರುತ್ತದೆ. ತಂದೆತಾಯಿ ಸೇರಿದ್ದರೆ ಅತ್ತೆಮಾವ ಸೇರುತ್ತಾರೆಯೇ, ಇಬ್ಬರಲ್ಲಿ ಒಂದು ಜೋಡಿಯನ್ನು ಮಾತ್ರ ಆರಿಸಬೇಕೆ, ವಯಸ್ಸಿನ ಮಿತಿ ಇದೆಯೇ, ಅವರ ಕಂತು ಯಾರದು, ನೋಂದಣಿಗೆ ಎಷ್ಟು ದಿನಗಳ ಕಾಲಾವಕಾಶ ಎಂಬುದನ್ನೆಲ್ಲ ಒಂದೊಂದಾಗಿ ಕೇಳಬೇಕು. ಅಪ್ಪನಿಗೆ ಆಗಲೇ ಸಕ್ಕರೆ ಕಾಯಿಲೆಯೋ ಅಮ್ಮನಿಗೆ ರಕ್ತದೊತ್ತಡವೋ ಇದ್ದರೆ, ಮೊದಲೇ ಇರುವ ಕಾಯಿಲೆಗಳಿಗೆ ಮೊದಲ ದಿನದಿಂದಲೇ ರಕ್ಷಣೆ ಸಿಗುತ್ತದೆಯೇ ಎಂಬುದು ಮುಖ್ಯ. ಸಮೂಹ ವಿಮೆಗಳಲ್ಲಿ ಬಹುಮಟ್ಟಿಗೆ ಸಿಗುತ್ತದೆ. ವಯಸ್ಸಾದ ತಂದೆತಾಯಿಯರಿಗೆ ಹೊರಗೆ ಹೊಸದಾಗಿ ವಿಮೆ ಕೊಳ್ಳುವುದಕ್ಕಿಂತ ಕಂಪನಿಯ ವಿಮೆ ವಾಸಿಯಾಗುವುದು ಈ ಒಂದು ಕಾರಣಕ್ಕೇ.

ಕೊಠಡಿ ಬಾಡಿಗೆಯ ಮಿತಿಯನ್ನು ಯಾರೂ ಕೇಳುವುದಿಲ್ಲ, ಆದರೆ ಬಿಲ್ಲು ಹೊಡೆಯುವುದು ಅಲ್ಲೇ. ಮೂರು ಲಕ್ಷದ ವಿಮೆಯಲ್ಲಿ ದಿನದ ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇ 1, ಅಂದರೆ 3,000 ರೂಪಾಯಿ ಎಂದು ಇದೆ ಎಂದುಕೊಳ್ಳಿ. ರೋಗಿಗೆ ಅನುಕೂಲವಾಗಲೆಂದು ನೀವು 6,000 ರೂಪಾಯಿಯ ಕೊಠಡಿ ಪಡೆದರೆ, ನಷ್ಟ ದಿನಕ್ಕೆ 3,000 ಮಾತ್ರ ಎಂದು ತಿಳಿಯುವುದು ಸಹಜ. ಆದರೆ ಅನೇಕ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮೊದಲಾದ ಸಂಬಂಧಿತ ಖರ್ಚುಗಳನ್ನೂ ಅದೇ ಅನುಪಾತದಲ್ಲಿ, ಇಲ್ಲಿ ಅರ್ಧಕ್ಕೆ, ಕಡಿತ ಮಾಡುತ್ತಾರೆ. ಆ ಶುಲ್ಕಗಳು 1,20,000 ಆಗಿದ್ದರೆ 60,000 ನಿಮ್ಮ ಜೇಬಿನಿಂದ. ಬಿಲ್ಲಿನ ಇಂತಿಷ್ಟು ಭಾಗವನ್ನು ನೌಕರನೇ ಭರಿಸಬೇಕೆಂಬ ಕೋ-ಪೇ ಷರತ್ತು, ಅದರಲ್ಲೂ ತಂದೆತಾಯಿಯರ ಚಿಕಿತ್ಸೆಗೆ, ಇದೆಯೇ ಎಂದೂ ನೋಡಿಕೊಳ್ಳಿ. ನಿಮ್ಮ ಮನೆಯ ಹತ್ತಿರದ ಆಸ್ಪತ್ರೆ ನಗದುರಹಿತ ಚಿಕಿತ್ಸೆಯ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಊರಿನಲ್ಲಿರುವ ತಂದೆತಾಯಿಗಾಗಿ ಅಲ್ಲಿನ, ಅಂದರೆ ಶಿವಮೊಗ್ಗದ್ದೋ ಕಲಬುರಗಿಯದೋ, ಆಸ್ಪತ್ರೆಯ ಹೆಸರನ್ನು ಕೊಟ್ಟು ಕೇಳಿ.

ಈ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ. ಆದ್ದರಿಂದ ಹಳೆಯ ಕಂಪನಿಯ ಕೊನೆಯ ದಿನಕ್ಕೂ ಹೊಸ ಕಂಪನಿಯ ವಿಮೆ ಆರಂಭವಾಗುವ ದಿನಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ತಿಳಿದು, ಅಂತರವಿದ್ದರೆ ಅದಕ್ಕೆ ತಕ್ಕ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ. ವಿಮೆಯ ಕುರಿತ ಎಲ್ಲ ಪ್ರಶ್ನೆಗಳಿಗೂ ಉತ್ತರವಾಗಿ ಕಂಪನಿಯ ಬಳಿ ಎರಡು ಮೂರು ಪುಟಗಳ ಸಾರಾಂಶ ಪತ್ರವೊಂದು ಇದ್ದೇ ಇರುತ್ತದೆ. ಬಾಯಿಮಾತಿನ ವಿವರಣೆಗಿಂತ ಆ ಪತ್ರವನ್ನೇ ಕಳಿಸಿಕೊಡಿ ಎನ್ನುವುದು ಸುಲಭ.

ರಜೆ, ಹೆರಿಗೆ, ಓಡಾಟ

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಪ್ರಕಾರ ಕೆಲಸ ಮಾಡಿದ ಪ್ರತಿ 20 ದಿನಗಳಿಗೆ ಒಂದು ದಿನದ ಗಳಿಕೆ ರಜೆ ಸಲ್ಲಬೇಕು. ಇದರ ಮೇಲೆ ಕಂಪನಿ ಎಷ್ಟು ಕೊಡುತ್ತದೆ, ಉಳಿದ ರಜೆ ಮುಂದಿನ ವರ್ಷಕ್ಕೆ ಹೋಗುತ್ತದೆಯೇ, ನಗದಾಗುತ್ತದೆಯೇ, ಪ್ರೊಬೇಷನ್ ಮತ್ತು ನೋಟಿಸ್ ಅವಧಿಯಲ್ಲಿ ರಜೆ ತೆಗೆದುಕೊಳ್ಳಬಹುದೇ ಎಂದು ಕೇಳಿ. ‘ಮಿತಿಯಿಲ್ಲದ ರಜೆ’ ಎಂದು ಹೇಳುವ ಕಂಪನಿಗಳಲ್ಲಿ ಬಿಡುವಾಗ ನಗದಾಗಿಸಲು ಏನೂ ಉಳಿದಿರುವುದಿಲ್ಲವೆಂಬುದನ್ನು ಮರೆಯಬೇಡಿ. ಹಬ್ಬದ ರಜೆಗಳ ಪಟ್ಟಿಯನ್ನೂ ತರಿಸಿಕೊಳ್ಳಿ. ವಿದೇಶಿ ಗ್ರಾಹಕರ ಕ್ಯಾಲೆಂಡರಿಗೆ ಕೆಲಸ ಮಾಡುವ ತಂಡಗಳಲ್ಲಿ ಯುಗಾದಿಯೂ ಆಯುಧಪೂಜೆಯೂ ಕೆಲಸದ ದಿನಗಳಾಗಿಬಿಡುವುದುಂಟು. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ರಾಜ್ಯ ಕಾಯ್ದೆಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಜೊತೆಗೆ ನವೆಂಬರ್ 1 ಕೂಡ ಕಡ್ಡಾಯ ರಜೆ. ಪಟ್ಟಿಯಲ್ಲಿ ಕನ್ನಡ ರಾಜ್ಯೋತ್ಸವ ಕಾಣದಿದ್ದರೆ ನಾನಂತೂ ವಿನಯದಿಂದಲೇ ಕೇಳುತ್ತೇನೆ.

ಹೆರಿಗೆ ಸವಲತ್ತಿನ ಪ್ರಶ್ನೆ ಸೂಕ್ಷ್ಮವಾದದ್ದು. ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ, ಹೆರಿಗೆಗೆ ಮುಂಚಿನ 12 ತಿಂಗಳುಗಳಲ್ಲಿ 80 ದಿನ ಕೆಲಸ ಮಾಡಿರಬೇಕೆಂಬ ನಿಯಮ, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುವಿಹಾರ ಇವೆಲ್ಲ ಕಾನೂನಿನಲ್ಲೇ ಇವೆ. ನೇಮಕದ ಹೊತ್ತಿನಲ್ಲಿ ಈ ಸವಲತ್ತುಗಳನ್ನು ಪ್ರತಿ ಮಹಿಳೆಗೂ ಲಿಖಿತವಾಗಿ ತಿಳಿಸಬೇಕೆಂಬ ನಿಯಮವನ್ನು 2017ರ ತಿದ್ದುಪಡಿ ತಂದಿತು. ಆದರೂ ಆಫರ್ ಹಂತದಲ್ಲಿ ಇದನ್ನು ಕೇಳಿದರೆ ತಮ್ಮ ಬಗ್ಗೆ ಬೇರೆ ಲೆಕ್ಕಾಚಾರ ಶುರುವಾಗುತ್ತದೆಂಬ ಅಳುಕು ಅನೇಕ ಹೆಣ್ಣುಮಕ್ಕಳಿಗಿದೆ, ಮತ್ತು ಆ ಅಳುಕು ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ಇದಕ್ಕೆ ನಾನು ಸೂಚಿಸುವ ದಾರಿ, ಈ ಒಂದನ್ನು ಎತ್ತಿ ಕೇಳದೆ ನೌಕರರ ಕೈಪಿಡಿಯನ್ನೋ ರಜಾ ನೀತಿಯನ್ನೋ ಇಡಿಯಾಗಿ ಕೇಳಿ ಪಡೆದು ಮನೆಯಲ್ಲಿ ಕುಳಿತು ಓದುವುದು. ತಂದೆಯಾಗುವವರಿಗೆ ಖಾಸಗಿ ವಲಯದಲ್ಲಿ ಕಾನೂನಿನ ರಜೆಯಿಲ್ಲದ ಕಾರಣ ಅದು ಪೂರ್ತಿ ಕಂಪನಿಯ ಮರ್ಜಿ. ಗಂಡಸರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದಷ್ಟೂ ಹೆಂಗಸರಿಗೆ ಕೇಳುವುದು ಸುಲಭವಾಗುತ್ತದೆ. ಋತುಚಕ್ರದ ರಜೆಯನ್ನು ತಿಂಗಳಿಗೊಂದು ದಿನ ಕೊಡಬೇಕೆಂದು ರಾಜ್ಯ ಸರ್ಕಾರ 2025ರಲ್ಲಿ ಆದೇಶಿಸಿತು. ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಕಂಪನಿಯ ರಜಾ ನೀತಿಯಲ್ಲಿ ಅದು ಸೇರಿದೆಯೇ ಎಂದು ನೋಡಿಕೊಳ್ಳುವುದು ಒಳಿತು.

ಓಡಾಟವನ್ನು ಸವಲತ್ತೆಂದು ಬೇರೆ ಊರಿನವರು ಎಣಿಸುತ್ತಾರೋ ಇಲ್ಲವೋ, ಬೆಂಗಳೂರಿನಲ್ಲಿ ಎಣಿಸಲೇಬೇಕು. ವಾರಕ್ಕೆ ಎಷ್ಟು ದಿನ ಕಚೇರಿಗೆ ಬರಬೇಕು, ಅದು ಆಫರ್ ಲೆಟರ್‌ನಲ್ಲಿ ಇದೆಯೇ ಅಥವಾ ಮ್ಯಾನೇಜರ್ ಮನಸ್ಸಿನಲ್ಲಿ ಇದೆಯೇ, ಕ್ಯಾಬ್ ಮನೆಯ ಬಾಗಿಲಿಗೆ ಬರುತ್ತದೆಯೇ ಅಥವಾ ಸಿಲ್ಕ್ ಬೋರ್ಡಿನಂಥ ಒಂದು ನಿಲ್ದಾಣಕ್ಕೆ ಮಾತ್ರವೇ, ಅದಕ್ಕೆ ಸಂಬಳದಿಂದ ಕಡಿತವಿದೆಯೇ ಎಂಬುದನ್ನು ಕೇಳಿ. ಕಚೇರಿಯ ನಿಖರ ವಿಳಾಸ ಪಡೆದು ಮೆಟ್ರೋ ನಕ್ಷೆಯ ಮೇಲಿಟ್ಟು ನೋಡಿ: ವಿಜಯನಗರದವರಿಗೆ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್ ಒಂದೇ ರೈಲಿನ ದಾರಿ; 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಆರ್.ವಿ. ರಸ್ತೆಯ ಕಡೆಯವರಿಗೆ ಎಲೆಕ್ಟ್ರಾನಿಕ್ ಸಿಟಿಯೂ ಹಾಗೆಯೇ. ರಾತ್ರಿ ಪಾಳಿಯಿದ್ದರೆ ಹೆಣ್ಣುಮಕ್ಕಳ ವಾಹನ ಮತ್ತು ಭದ್ರತೆಯ ವ್ಯವಸ್ಥೆ ಏನೆಂಬುದನ್ನು ಬರಹದಲ್ಲಿ ಪಡೆಯಲೇಬೇಕು. ಹೊರ ಊರಿನಿಂದ ಬರುವವರು ಸ್ಥಳಾಂತರ ಭತ್ಯೆಯ ಜೊತೆಗೆ, ಮನೆ ಬಾಡಿಗೆಯ ಮುಂಗಡಕ್ಕೆ ಕಂಪನಿ ಬಡ್ಡಿಯಿಲ್ಲದ ಸಾಲ ಕೊಡುತ್ತದೆಯೇ ಎಂದು ಕೇಳುವುದನ್ನು ಮರೆಯುತ್ತಾರೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಮನೆ ಮಾಲೀಕರು ಇನ್ನೂ ಇರುವ ಊರಿದು. ಮೊದಲ ಸಂಬಳ ಬರುವ ಮೊದಲೇ ಎರಡು ಲಕ್ಷ ಹೊಂದಿಸಬೇಕಾಗಿ ಬರಬಹುದು.

ನವೋದ್ಯಮಗಳು ಸಂಬಳದ ಬದಲಿಗೆ ಷೇರು ಆಯ್ಕೆ (ಇಸಾಪ್), ಅಂದರೆ ಮುಂದೆ ನಿಗದಿತ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು, ಕೊಡುವಾಗ ‘ಇಪ್ಪತ್ತು ಲಕ್ಷದ ಇಸಾಪ್’ ಎಂದಷ್ಟೇ ಹೇಳುತ್ತವೆ. ಎಷ್ಟು ಷೇರು, ಒಟ್ಟು ಷೇರುಗಳಲ್ಲಿ ಅದರ ಪಾಲೆಷ್ಟು, ಕೊಳ್ಳುವ ಬೆಲೆ ಎಷ್ಟು, ಒಂದು ವರ್ಷ ತುಂಬುವ ಮೊದಲು ಬಿಟ್ಟರೆ ಏನಾಗುತ್ತದೆ, ಕೆಲಸ ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ ಕೊಡುತ್ತೀರಿ, ಈ ಹಿಂದೆ ನೌಕರರಿಂದ ಷೇರು ಮರಳಿ ಕೊಂಡದ್ದುಂಟೇ ಎಂದು ಕೇಳಿ. ಕೊಳ್ಳುವಾಗಲೇ, ನೀವು ಕೊಡುವ ಬೆಲೆಗೂ ಷೇರಿನ ಆಗಿನ ಮೌಲ್ಯಕ್ಕೂ ಇರುವ ವ್ಯತ್ಯಾಸದ ಮೇಲೆ ತೆರಿಗೆ ಬೀಳುವುದರಿಂದ, ಮಾರಲಾಗದ ಷೇರಿಗೆ ಕೈಯಿಂದ ತೆರಿಗೆ ಕಟ್ಟುವ ಪರಿಸ್ಥಿತಿ ಬರಬಹುದು. ಇದಕ್ಕೆ ತೃಪ್ತಿಕರ ಉತ್ತರ ಬರದಿದ್ದರೆ ಆ ಇಪ್ಪತ್ತು ಲಕ್ಷವನ್ನು ಸೊನ್ನೆಯೆಂದೇ ಎಣಿಸಿ ಉಳಿದ ಸಂಬಳವನ್ನು ತೂಗಿ ನೋಡುವುದು ನನ್ನ ಪದ್ಧತಿ.

ಬರೆದು ಕೇಳುವುದು

ಫೋನಿನಲ್ಲಿ ಮಾತಾಡಿ, ಆದರೆ ಅದೇ ದಿನ ಇಮೇಲ್ ಬರೆಯಿರಿ. ನಾನು ಬರೆಯುವ ಪತ್ರ ಹೆಚ್ಚು ಕಡಿಮೆ ಹೀಗಿರುತ್ತದೆ: ‘ಆಫರ್‌ಗಾಗಿ ಧನ್ಯವಾದಗಳು; ನಿಮ್ಮೊಡನೆ ಕೆಲಸ ಮಾಡಲು ಉತ್ಸುಕನಾಗಿದ್ದೇನೆ. ನಿರ್ಧಾರ ತಿಳಿಸುವ ಮೊದಲು ಸಂಬಳದ ವಿಂಗಡಣೆ, ವಿಮೆಯ ಸಾರಾಂಶ ಪತ್ರ, ರಜಾ ನೀತಿ ಮತ್ತು ವೇರಿಯೆಬಲ್ ಪೇ ನಿಯಮಗಳನ್ನು ಕಳಿಸಿಕೊಟ್ಟರೆ ಉಪಕಾರವಾಗುತ್ತದೆ. ಇಂದು ಮಾತಾಡಿದಂತೆ, ತಂದೆತಾಯಿಯರ ವಿಮೆಯ ಕಂತನ್ನು ಕಂಪನಿಯೇ ಭರಿಸುತ್ತದೆ ಮತ್ತು ರಕ್ಷಣೆ ಸೇರಿದ ದಿನದಿಂದ ಆರಂಭವಾಗುತ್ತದೆ ಎಂದು ತಿಳಿದಿದ್ದೇನೆ, ತಪ್ಪಿದ್ದರೆ ತಿದ್ದಿ.’ ಕೊನೆಯ ಆ ವಾಕ್ಯದಲ್ಲೇ ಪತ್ರದ ಜೀವವಿದೆ. ಎದುರಿನವರು ತಿದ್ದಿದರೆ ಸತ್ಯ ತಿಳಿಯಿತು. ‘ಹೌದು’ ಎಂದರೆ ದಾಖಲೆ ಸಿಕ್ಕಿತು. ‘ಕಂಪನಿಯ ನೀತಿಯಂತೆ’ ಎಂಬ ಉತ್ತರ ಬಂದರೆ, ಆ ನೀತಿಯ ಪ್ರತಿಯನ್ನು ಕಳಿಸಿ ಎಂದು ಮತ್ತೊಂದು ಸಾಲು ಬರೆಯುವುದಕ್ಕೆ ಹಿಂಜರಿಯಬಾರದು.

ಉತ್ತರಗಳು ಬಂದ ಮೇಲೆ ಏನನ್ನು ಬದಲಿಸಿಕೊಡಿ ಎನ್ನಬಹುದು ಎಂಬುದಕ್ಕೂ ಒಂದು ಅಂದಾಜು ಬೇಕು. ಸಮೂಹ ವಿಮೆಯನ್ನು ಒಬ್ಬರಿಗಾಗಿ ಯಾರೂ ಬದಲಿಸುವುದಿಲ್ಲ, ರಜೆಯ ಸಂಖ್ಯೆಯನ್ನೂ ಸಾಮಾನ್ಯವಾಗಿ ಇಲ್ಲ. ಆದರೆ ವೇರಿಯೆಬಲ್‌ನ ಒಂದು ಭಾಗವನ್ನು ಖಚಿತ ಸಂಬಳಕ್ಕೆ ಸೇರಿಸುವುದು, ಹಳೆಯ ಕಂಪನಿಯ ನೋಟಿಸ್ ಅವಧಿಗೆ ಕಟ್ಟಬೇಕಾದ ಹಣವನ್ನು ಭರಿಸುವುದು, ಸ್ಥಳಾಂತರ ಭತ್ಯೆ, ಸೇರುವ ದಿನಾಂಕ, ಪಿಎಫ್ ಲೆಕ್ಕದ ಆಯ್ಕೆ ಇವು ಮಾತಿಗೆ ಸಿಗುವ ವಿಷಯಗಳು. ವಿಮೆ ಕಡಿಮೆಯಿದ್ದರೆ ‘ಹೊರಗೆ ಟಾಪ್ ಅಪ್ (ಹೆಚ್ಚುವರಿ ವಿಮೆ) ಕೊಳ್ಳಲು ವರ್ಷಕ್ಕೆ ಇಷ್ಟು ತಗಲುತ್ತದೆ, ಅಷ್ಟನ್ನು ಸಂಬಳದಲ್ಲಿ ಸೇರಿಸಬಹುದೇ’ ಎಂದು ರೂಪಾಯಿಯ ಲೆಕ್ಕದಲ್ಲೇ ಕೇಳುವುದು ಹೆಚ್ಚು ಫಲಕಾರಿ.

ಈ ಪತ್ರವ್ಯವಹಾರವೆಲ್ಲ ನಿಮ್ಮ ಸ್ವಂತ ಇಮೇಲ್ ವಿಳಾಸದಲ್ಲಿರಲಿ. ಸೇರಿದ ಮೇಲೆ ಅದನ್ನು ಕಚೇರಿಯ ಖಾತೆಗೆ ಸಾಗಿಸಿ ಸ್ವಂತದ್ದನ್ನು ಅಳಿಸಬೇಡಿ, ಏಕೆಂದರೆ ಕಚೇರಿಯ ಖಾತೆ ಕೊನೆಯ ದಿನ ಸಂಜೆಗೆ ಮುಚ್ಚುತ್ತದೆ, ಸವಲತ್ತಿನ ತಕರಾರುಗಳು ಹುಟ್ಟುವುದು ಬಹುಮಟ್ಟಿಗೆ ಅದರ ನಂತರ. ಮೂರನೆಯ ಕೆಲಸ ಬಿಟ್ಟ ಎರಡು ತಿಂಗಳಿಗೆ, ಉಳಿದ ಹದಿನಾಲ್ಕು ದಿನಗಳ ಗಳಿಕೆ ರಜೆ ನಗದಾಗುವುದಿಲ್ಲವೆಂದು ನನಗೆ ಪತ್ರ ಬಂದಿತ್ತು. ಸೇರುವ ಮೊದಲು ಅದೇ ಎಚ್‌ಆರ್ ವಿಭಾಗ ಕಳಿಸಿದ್ದ ರಜಾ ನೀತಿಯ ನಾಲ್ಕನೆಯ ಪುಟವನ್ನು ಲಗತ್ತಿಸಿ, ಒಂದೇ ಸಾಲಿನ ಉತ್ತರ ಬರೆದೆ. ಹಣ ಒಂಬತ್ತು ದಿನಗಳಲ್ಲಿ ಖಾತೆಗೆ ಬಂತು.